ಮೊಹರು ಬಿದ್ದ ಧೈರ್ಯ

ನಮ್ಮ ಸಾರಿಬುಲಾಕ್‌ನಲ್ಲಿ ಗಾಳಿ ಎಷ್ಟು ಜೋರಾಗಿ ಬೀಸುತ್ತಿದೆ ಎಂಬುದನ್ನು ಸರ್ಕಾರಕ್ಕೆ ದಿನಕ್ಕೆ ಮೂರು ಸಲ ತಿಳಿಸುವವನು ಎಸೆನ್‌ಗೆಲ್ದಿ. ಅದಕ್ಕಾಗಿ ಹವಾಮಾನ ಕೇಂದ್ರದ ಅಂಗಳದಲ್ಲಿ ಹನ್ನೆರಡು ಮೀಟರಿನ ಕಂಬವಿದೆ, ತುದಿಯಲ್ಲಿ ಗಾಳಿ ಅಳೆಯುವ ಬಟ್ಟಲುಗಳಿವೆ, ಹತ್ತಿ ನೋಡಲು ಏಣಿಯೂ ಇದೆ. ಹದಿನೆಂಟು ವರ್ಷದ ನೌಕರಿಯಲ್ಲಿ ಅವನು ಆ ಏಣಿಯ ಮೂರನೆಯ ಮೆಟ್ಟಿಲು ದಾಟಿದ್ದನ್ನು ಕಂಡವರಿಲ್ಲ. ಹೆಂಡತಿ ರಬೀಗಾ ಹಿತ್ತಲಲ್ಲಿ ಒಣಹಾಕಿದ ಬಟ್ಟೆಗಳನ್ನು ನೋಡಿ ಅವನು ಗಾಳಿಯ ವೇಗ ಬರೆಯುತ್ತಾನೆ. ಟವೆಲು ಅಲುಗಿದರೆ ಐದು, ಅಂಗಿಯ ತೋಳು ಎದ್ದರೆ ಹತ್ತು, ಕಂಬಳಿಯೇ ಹಾರಿ ನಮ್ಮ ಅಂಗಳಕ್ಕೆ ಬಂದರೆ ಬಿರುಗಾಳಿ. ಇಷ್ಟು ವರ್ಷಗಳಲ್ಲಿ ಒಂದು ವಿಮಾನವೂ ಬಿದ್ದಿಲ್ಲ, ಆದ್ದರಿಂದ ಲೆಕ್ಕ ಸರಿಯಿದೆ ಎಂದೇ ನಾನು ನಂಬಿದ್ದೇನೆ. ನಾನು ಸಪಾರ್, ಪಕ್ಕದ ಮನೆಯವನು, ಹಾಲಿನ ವ್ಯಾನು ಓಡಿಸುವವನು.

ಇಂಥವನ ತಂದೆ, ಊರೆಲ್ಲ ಅಜ್ಜ ಎಂಬರ್ಥದಲ್ಲಿ ಅತಾ ಎಂದು ಕರೆಯುವ ಮೌಲೆನ್ ಅತಾ ಎಂದರೆ ಹೊರಗಿನವರು ನಂಬುವುದಿಲ್ಲ. ಮೇಕೆಯ ಮುಂಡವೊಂದಕ್ಕಾಗಿ ನೂರು ಸವಾರರು ಕುದುರೆಯ ಮೇಲೇ ಕಿತ್ತಾಡುವ ಕೊಕ್ಪಾರ್ ಆಟದಲ್ಲಿ ಅವರು ಒಂದು ಕಾಲಕ್ಕೆ ಮೂರು ಜಿಲ್ಲೆಗೆ ಹೆಸರಾದವರು. ಆ ಆಟಕ್ಕೆ ಎರಡು ಪಕ್ಕೆಲುಬು ಮತ್ತು ಎಡಗಿವಿಯ ತುದಿಯನ್ನು ಕೊಟ್ಟಿದ್ದಾರೆ. ಈಗ ಎಪ್ಪತ್ತೊಂಬತ್ತು ವರ್ಷ, ಮಾತು ಕಡಿಮೆ. ಹೆಂಡತಿ ತೀರಿಕೊಂಡ ಮೇಲೆ ಇನ್ನೂ ಕಡಿಮೆ. ವಾರವಿಡೀ ಸುಮ್ಮನಿರುವ ಅವರು ಬಾಯಿ ಬಿಡುವುದು ಶನಿವಾರ ಸಂಜೆ, ಟಿ.ವಿ.ಯಲ್ಲಿ ‘ಎದೆ ಇದ್ದರೆ ಬಾ’ ಬರುವಾಗ.

ಅದನ್ನು ನೋಡಲು ಅರ್ಧ ಊರು ಅವರ ಮನೆಯಲ್ಲಿ ಸೇರುತ್ತದೆ. ಬೆಚ್ಚನೆಯ ಜಮಖಾನೆಯ ಮೇಲೆ ದಿಂಬಿಗೊರಗಿ, ಹಾಲು ಹಾಕಿದ ಚಹಾ ಕುಡಿಯುತ್ತ, ಯಾರೋ ಪುಣ್ಯಾತ್ಮ ಹೆಲಿಕಾಪ್ಟರಿನಿಂದ ನೇತಾಡುವುದನ್ನು ನೋಡುವ ಸುಖಕ್ಕೆ ಸಮನಾದದ್ದು ಲೋಕದಲ್ಲಿ ಇನ್ನೊಂದಿಲ್ಲ. ಅವನು ಬಿದ್ದರೆ, ನಾನಾಗಿದ್ದರೆ ಬೀಳುತ್ತಿರಲಿಲ್ಲ ಎನ್ನಬಹುದು. ಬೀಳದಿದ್ದರೆ, ಇದೇನು ಮಹಾ ಎನ್ನಬಹುದು. ಎರಡು ರೀತಿಯಲ್ಲೂ ನಮ್ಮ ಧೈರ್ಯಕ್ಕೆ ಕುಂದಿಲ್ಲ, ಚಹಾ ಚೆಲ್ಲುವುದೂ ಇಲ್ಲ. ಜಿರಲೆಗಳ ತೊಟ್ಟಿಯಲ್ಲಿ ಮಲಗಿದವಳನ್ನು ಕಂಡು ನಮ್ಮ ಹೆಂಗಸರು ಕೈಯಿಂದ ಕಣ್ಣು ಮುಚ್ಚಿಕೊಳ್ಳುತ್ತಾರೆ, ಆದರೆ ಬೆರಳ ಸಂದಿಯನ್ನು ಮುಚ್ಚುವುದಿಲ್ಲ. ಕೊನೆಗೆ ಯಾರಾದರೂ ನಿಜವಾಗಿ ಗಟ್ಟಿಗರೆನಿಸಿದರೆ ಮೌಲೆನ್ ಅತಾ ತಮ್ಮ ತೊಡೆಗೆ ಪಟ್ಟನೆ ಒಂದು ಏಟು ಹೊಡೆದು, “ಎದೆ ಇದೆ” ಎನ್ನುತ್ತಾರೆ. ವಾರಕ್ಕೆ ಒಂದೇ ಸಲ, ಎರಡೇ ಪದ. ಆ ಎರಡು ಪದ ಅಲ್ಲಿಯವರೆಗೆ ನಮ್ಮೂರಿನಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಎಸೆನ್‌ಗೆಲ್ದಿಗಂತೂ ನಲವತ್ತಾರು ವರ್ಷಗಳಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ. ಹೆಂಡತಿ ಬಗ್ಗಿಸಿದ ಚಹಾದ ಬಟ್ಟಲುಗಳನ್ನು ದಾಟಿಸುತ್ತ ಅವನು ಪ್ರತಿ ಶನಿವಾರ ಆ ಏಟಿನ ಸದ್ದನ್ನು ಕೇಳಿಸಿಕೊಳ್ಳುತ್ತಾನೆ. ಅವನ ಕೈ ಒಂದು ಕ್ಷಣ ನಿಂತು ಮತ್ತೆ ಮುಂದುವರಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕಳೆದ ವಸಂತದ ಒಂದು ಶನಿವಾರ ಯಾವಳೋ ಕೂದಲು ಕತ್ತರಿಸುವ ಹುಡುಗಿಗೆ ಆ ಏಟು ಬಿತ್ತು. ಅವಳು ಉರಿಯುವ ಚಕ್ರದೊಳಗಿಂದ ಹಾರಿದ್ದಳು. ಎಸೆನ್‌ಗೆಲ್ದಿಗೆ ತಡೆಯಲಾಗಲಿಲ್ಲ.

“ಅದೇನು ಮಹಾ ಅಪ್ಪ? ನಾನೂ ಅವರಿಗೆ ಕಾಗದ ಬರ್ದಿದೀನಿ.”

ಬರೆದದ್ದು ನಿಜವೇ. ಪ್ರೇಕ್ಷಕರ ಸಾಲಿನಲ್ಲಿ ಎರಡು ಕುರ್ಚಿ ಕೊಡಿ, ನಮ್ಮ ತಂದೆಗೆ ಒಂದು ಸಲ ಕಣ್ಣಾರೆ ತೋರಿಸಬೇಕು ಎಂದು ಬರೆದಿದ್ದ. ಅದನ್ನೂ ಹೇಳಬೇಕೆಂದೇ ಬಾಯಿ ತೆರೆದ. ಆದರೆ ಅಷ್ಟರಲ್ಲಿ ಕೋಣೆಯ ತಲೆಗಳೆಲ್ಲ ಅವನತ್ತ ತಿರುಗಿದ್ದವು, ಕಿವಿಯ ತುದಿ ಇಲ್ಲದ ತಲೆಯೂ ತಿರುಗಿತ್ತು. ತಂದೆ ತನ್ನನ್ನು ಅಷ್ಟು ಹೊತ್ತು ನೋಡಿದ್ದು ಅವನಿಗೆ ಹೊಸದು. ಉಳಿದರ್ಧ ಮಾತು ಗಂಟಲಲ್ಲೇ ಉಳಿಯಿತು. ಮನುಷ್ಯ ಸುಳ್ಳು ಹೇಳಿ ಕೆಡುವುದಕ್ಕಿಂತ ನಿಜವನ್ನು ಅರ್ಧ ಹೇಳಿ ಕೆಡುವುದೇ ಹೆಚ್ಚು.

ಮೂರು ವಾರಕ್ಕೆ ಉತ್ತರ ಬಂತು. ತಂದವಳು ಅಂಚೆಯ ಶಾರ್ಬಾನು. ಅವಳ ಕೈಗೆ ಬಂದ ಲಕೋಟೆಗಳ ಅಂಟು ತಾನಾಗಿಯೇ ಬಿಟ್ಟುಕೊಳ್ಳುವುದು ಊರಿಗೆಲ್ಲ ಗೊತ್ತು, ಇದರದೂ ಬಿಟ್ಟುಕೊಂಡಿತು. “ನಿಮ್ಮನ್ನು ಚಿತ್ರೀಕರಣಕ್ಕೆ ಆಹ್ವಾನಿಸಲು ಸಂತೋಷಪಡುತ್ತೇವೆ, ಮನೆಯ ಹಿರಿಯರೊಬ್ಬರನ್ನು ಕರೆತರಬಹುದು” ಎಂಬಲ್ಲಿಗೆ ಅವಳು ಓದುವುದನ್ನು ನಿಲ್ಲಿಸಿದಳು. ನಿಲ್ಲಿಸಲೇಬೇಕಿತ್ತು. ನಮ್ಮಲ್ಲಿ ಒಳ್ಳೆಯ ಸುದ್ದಿಯನ್ನು ಮೊದಲು ತಂದವರಿಗೆ ಸುಯಿನ್ಶಿ ಎಂದು ಉಡುಗೊರೆ ಕೊಡಲೇಬೇಕು, ಎರಡನೆಯವರಿಗೆ ಬರೀ ಚಹಾ. ಕೊನೆಯ ಸಾಲಿನವರೆಗೆ ಓದುತ್ತ ಕೂತರೆ ಉಡುಗೊರೆ ಬೇರೆಯವರ ಪಾಲು. ಅವಳು ಸೈಕಲ್ಲನ್ನು ಚರಂಡಿಯಲ್ಲಿ ಬಿಟ್ಟು, ಸುಯಿನ್ಶಿ, ಸುಯಿನ್ಶಿ ಎಂದು ಕೂಗುತ್ತ ಓಡಿ ಮೌಲೆನ್ ಅತಾರ ಮುಂದೆ ನಿಂತಳು. ಮಗ ‘ಎದೆ ಇದ್ದರೆ ಬಾ’ಗೆ ಆಯ್ಕೆಯಾಗಿದ್ದಾನೆ ಎಂದಳು. ಅತಾ ಎದ್ದು, ಪೆಟ್ಟಿಗೆ ತೆರೆದು, ತೀರಿಕೊಂಡ ಹೆಂಡತಿಯ ರೇಷ್ಮೆ ಶಾಲನ್ನು ತೆಗೆದು ಅವಳ ಹೆಗಲಿಗೆ ಹಾಕಿದರು. ಆಮೇಲೆ ಹಟ್ಟಿಗೆ ಹೋಗಿ ಇದ್ದುದರಲ್ಲಿ ದಪ್ಪನೆಯ ಟಗರನ್ನು ಹೊರಗೆಳೆದರು.

ಸಂಜೆ ಎಸೆನ್‌ಗೆಲ್ದಿ ಮನೆಗೆ ಬಂದಾಗ ಬಾಗಿಲಲ್ಲಿ ಮೂವತ್ತು ಜೊತೆ ಬೂಟುಗಳಿದ್ದವು. ತನ್ನ ಬೂಟು ಬಿಚ್ಚುವ ಮೊದಲೇ ಅವನನ್ನು ಒಳಗೆಳೆದು ನಿಲ್ಲಿಸಿದರು. ಹಿರಿಯರು ಅಂಗೈ ತೆರೆದು ಬಾತಾ ಕೊಟ್ಟರು. ಅಂದರೆ ಆಶೀರ್ವಾದ, ಆದರೆ ಅದು ಬಾಯಿಮಾತಿನ ಆಶೀರ್ವಾದವಲ್ಲ. ಒಮ್ಮೆ ಕೊಟ್ಟರೆ ಹೊರಟವನು ಹೊರಡಲೇಬೇಕು. ಹಾವಿಗೆ ನಿನ್ನ ಕಾಲು ಕಾಣದಿರಲಿ, ನೀರಿಗೆ ನಿನ್ನ ಮೂಗು ಸಿಗದಿರಲಿ, ನೀನು ಹಿಡಿದ ಹಗ್ಗ ಚೀನಾದ್ದಾಗದಿರಲಿ ಎಂದೆಲ್ಲ ಹರಸಿ, ಎಲ್ಲರೂ ಆಮೀನ್ ಎಂದು ಮುಖ ಸವರಿಕೊಂಡರು. ಎಸೆನ್‌ಗೆಲ್ದಿಯೂ ಅಭ್ಯಾಸಬಲದಿಂದ ಮುಖ ಸವರಿಕೊಂಡ. ಅಲ್ಲಿಗೆ ಮುಗಿಯಿತು.

ಊಟಕ್ಕೆ ಟಗರಿನ ತಲೆ ಮೌಲೆನ್ ಅತಾರ ಮುಂದೆ ಬಂತು. ತಲೆ ಹಿರಿಯರದು. ತಂದೆ ಬದುಕಿರುವವನು ಅದಕ್ಕೆ ತಾನಾಗಿ ಕೈಹಾಕುವ ಹಾಗಿಲ್ಲ, ನಲವತ್ತಾರು ವರ್ಷದವನಾದರೂ ಅಷ್ಟೇ. ಅತಾ ಕಿವಿ ಕೊಯ್ದು ಮಕ್ಕಳಿಗೆ ಕೊಟ್ಟರು, ಕೆನ್ನೆಯ ಮಾಂಸವನ್ನು ನಮಗೆ ಹಂಚಿದರು, ಒಂದು ಕಣ್ಣನ್ನು ತಾವು ತಿಂದರು. ಇನ್ನೊಂದು ಕಣ್ಣನ್ನು, ಯಾರು ಸದಾ ತನ್ನ ಕಣ್ಣೆದುರಿಗಿರಬೇಕೆಂದು ಆಸೆಯೋ ಅವರಿಗೆ ಕೊಡುವುದು ರೂಢಿ. ಹೆಂಡತಿ ಹೋದ ಆರು ವರ್ಷಗಳಿಂದ ಅವರು ಅದನ್ನು ಯಾರಿಗೂ ಕೊಟ್ಟಿರಲಿಲ್ಲ. ಅಂದೂ ತಟ್ಟೆಯಲ್ಲೇ ಬಿಟ್ಟರು.

ಮರುದಿನ ಬೆಳಿಗ್ಗೆ ಎಸೆನ್‌ಗೆಲ್ದಿ ಕಾಗದ ಹಿಡಿದು ನನ್ನ ವ್ಯಾನಿನ ಹತ್ತಿರ ಬಂದ. ಕೊನೆಯ ಸಾಲನ್ನು ಬೆರಳಿಟ್ಟು ತೋರಿಸಿದ. “ಮೊದಲ ಸಾಲು, ಆಸನ ನಾಲ್ಕು ಮತ್ತು ಐದು” ಎಂದಿತ್ತು.

“ಸಪಾರ್ ಅಗಾ, ಅಪ್ಪನಿಗೆ ನೀವೇ ಹೇಳಿ. ನಂಗೆ ಬಾಯೇ ಬರ್ತಿಲ್ಲ.”

“ಟಗರು ಇನ್ನೂ ಹೊಟ್ಟೇಲಿದೆ ಕಣಯ್ಯಾ. ಅದು ಕರಗೋ ಮೊದ್ಲು ನಾನು ಹ್ಯಾಗೆ ಹೇಳ್ಲಿ?”

ಅವನು ಅಲ್ಲೇ ಹಾಲಿನ ಕ್ಯಾನಿನ ಮೇಲೆ ಕೂತ. ಜನ ನಕ್ಕರೆ ನಗಲಿ, ಅದು ಅಭ್ಯಾಸವಾಗಿದೆ, ಆದರೆ ಅಮ್ಮನ ಶಾಲು ತೆಗೆದುಕೊಟ್ಟರಲ್ಲ ಎಂದ.

ಊರು ಅವನನ್ನು ತಯಾರು ಮಾಡಲು ನಿಂತಿತು. ಶಾಲೆಯ ವ್ಯಾಯಾಮದ ಮೇಷ್ಟರು ಅವನನ್ನು ಚಾವಣಿ ಹತ್ತಿಸಿದರು, ಇಳಿಸಲು ಅಗ್ನಿಶಾಮಕ ದಳದವರು ಬರಬೇಕಾಯಿತು. ಅದನ್ನೂ ಜನ ಅಭ್ಯಾಸದ ಭಾಗವೆಂದೇ ತಿಳಿದರು. ಇಡೀ ಮಧ್ಯಾಹ್ನ ಅಲುಗದೆ ಕೂತಿದ್ದನಂತೆ, ಏನು ತಾಳ್ಮೆ ಎಂದು ಹೊಗಳಿದರು. ಊರಿನ ಆಡಳಿತಾಧಿಕಾರಿಗಳಾದ ಅಕಿಮ್ ಸಾಹೇಬರು ಅವನನ್ನು ಕಚೇರಿಗೆ ಕರೆಸಿ ಪ್ರಮಾಣಪತ್ರವೊಂದನ್ನು ಕೊಟ್ಟರು. “ಸದರಿ ನಾಗರಿಕರು ಆರೋಗ್ಯವಂತರೂ ಮದ್ಯ ಮುಟ್ಟದವರೂ ಎತ್ತರ, ನೀರು, ಬೆಂಕಿ ಮತ್ತು ಸರೀಸೃಪಗಳಿಗೆ ಹೆದರದವರೂ ಆಗಿರುತ್ತಾರೆಂದು ದೃಢೀಕರಿಸಲಾಗಿದೆ.” ಕೆಳಗೆ ದುಂಡನೆಯ ನೀಲಿ ಮೊಹರು. ಮೊಹರು ಬಿದ್ದ ಮೇಲೆ ಹೆದರುವ ಹಕ್ಕು ಕೂಡ ಅವನಿಗೆ ಉಳಿಯಲಿಲ್ಲ. ಮೌಲೆನ್ ಅತಾ ಆ ಕಾಗದವನ್ನು ಮಡಿಸಿ ತಮ್ಮ ಒಳಜೇಬಿನಲ್ಲಿಟ್ಟುಕೊಂಡರು.

ಚಿತ್ರೀಕರಣ ಅಲ್ಮಾತಿಯಿಂದ ಆಚೆ, ಕೆರೆಯೊಂದರ ದಡದಲ್ಲಿ. ನಾನೇ ವ್ಯಾನಿನಲ್ಲಿ ಕರೆದೊಯ್ದೆ. ಒಂಬತ್ತು ಗಂಟೆಯ ದಾರಿಯಲ್ಲಿ ಎಸೆನ್‌ಗೆಲ್ದಿ ಹನ್ನೊಂದು ಸಲ “ಅಪ್ಪ, ಒಂದು ಮಾತು” ಎಂದು ಶುರುಮಾಡಿದ. ಹನ್ನೊಂದು ಸಲವೂ ತಂದೆ ಅವನತ್ತ ತಿರುಗಿ ನೋಡಿದರು. ಹನ್ನೊಂದು ಸಲವೂ ಅವನು ಕಿಟಕಿ ಮುಚ್ಚಲೇ ಎಂದು ಕೇಳಿದ. ಮುಚ್ಚಿದ ಕಿಟಕಿಯನ್ನು ಮುಚ್ಚಲು ಕೇಳುವ ಮಗನನ್ನು ಅತಾ ತಾಳ್ಮೆಯಿಂದ ಸಹಿಸಿದರು.

ಅಲ್ಲಿ ನಮ್ಮನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ನಾಲ್ಕು, ಐದು ಅವರಿಗೆ, ಆರನೆಯದು ಖಾಲಿಯಿತ್ತು, ನನಗೆ. ಎದುರಿಗೆ ನೀರಿನ ಮೇಲೆ ಎರಡು ಗೋಪುರ, ನಡುವೆ ಗೇಣಗಲದ ಹಲಗೆ.

“ನೀನ್ಯಾಕೆ ಇಲ್ಲಿ ಕೂತೆ? ಹೋಗು, ಅವರು ಕಾಯ್ತಿರ್ತಾರೆ” ಎಂದರು ಅತಾ.

ಎಸೆನ್‌ಗೆಲ್ದಿಯ ಮುಖ ಸುಣ್ಣದ ಗೋಡೆಯಾಗಿತ್ತು. “ಅಪ್ಪ, ಒಂದು ಮಾತು” ಎಂದ. ಹನ್ನೆರಡನೆಯ ಸಲ ಅವನು ಖಂಡಿತ ಹೇಳಿಬಿಡುತ್ತಿದ್ದ, ನಾನು ಪ್ರಮಾಣ ಮಾಡಬಲ್ಲೆ. ಆದರೆ ಅದೇ ಹೊತ್ತಿಗೆ ಗೋಪುರದ ಕಡೆಯಿಂದ ಗದ್ದಲವೆದ್ದಿತು. ನಾಲ್ವರು ಸ್ಪರ್ಧಿಗಳಲ್ಲಿ ಒಬ್ಬ ಹಲಗೆಯನ್ನು ನೋಡಿದವನೇ ಬೇಲಿ ಹಾರಿ ಪರಾರಿಯಾಗಿದ್ದ. ಕಾರ್ಯಕ್ರಮದವರು ತಲೆಯ ಮೇಲೆ ಕೈಹೊತ್ತು ಪ್ರೇಕ್ಷಕರ ಮುಂದೆ ಬಂದರು. ಬದಲಿಗೆ ಯಾರಾದರೂ ಬರುತ್ತೀರಾ, ಆದರೆ ವಿಮೆಯವರಿಗೆ ತೋರಿಸಲು ದೇಹದಾರ್ಢ್ಯದ ಸರ್ಟಿಫಿಕೇಟು ಬೇಕು ಎಂದರು. ಸರ್ಟಿಫಿಕೇಟು ಜೇಬಿನಲ್ಲಿಟ್ಟುಕೊಂಡು ಯಾರು ತಾನೇ ಟಿ.ವಿ. ನೋಡಲು ಬರುತ್ತಾರೆ? ಮೌಲೆನ್ ಅತಾ ಎದ್ದುನಿಂತು ನೀಲಿ ಮೊಹರನ್ನು ಎತ್ತಿಹಿಡಿದರು.

ಐದು ನಿಮಿಷದಲ್ಲಿ ಎಸೆನ್‌ಗೆಲ್ದಿ ಗೋಪುರದ ಮೇಲಿದ್ದ. ಜೊತೆಗೆ ಕುಸ್ತಿಯವನೊಬ್ಬ, ಮೋಟಾರು ಸೈಕಲ್ಲು ಹಾರಿಸುವವನೊಬ್ಬ, ನಗರದ ವ್ಯಾಯಾಮಶಾಲೆಯಲ್ಲಿ ಕಲಿಸುವ ತೊಮಿರಿಸ್ ಎಂಬ ಹುಡುಗಿ. ಕುಸ್ತಿಯವನು ಎದೆಯುಬ್ಬಿಸಿ ಹಲಗೆಯ ಮೇಲೆ ನಡೆದ, ನಡುವೆ ಗಾಳಿಯೊಂದು ಬಂದು ಅವನನ್ನು ನೀರಿಗೆ ತಳ್ಳಿತು. ಉಳಿದಿಬ್ಬರು ಹೇಗೋ ದಾಟಿದರು. ನಮ್ಮವನು ನಡೆಯಲೇ ಇಲ್ಲ. ಹಲಗೆಯನ್ನು ಕೈಕಾಲುಗಳಿಂದ ತಬ್ಬಿ ಹೊಟ್ಟೆಯ ಮೇಲೆ ಮಲಗಿಬಿಟ್ಟ. ಜನ ನಗತೊಡಗಿದರು. ನನಗೆ ಕುರ್ಚಿಯ ಕೆಳಗೆ ಅಡಗುವಂತಾಯಿತು. ಆಗ ಅವನ ಕಣ್ಣು ದಡದಲ್ಲಿ ಹಗ್ಗಕ್ಕೆ ಒಣಹಾಕಿದ್ದ ಟವೆಲು, ಅಂಗಿಗಳ ಮೇಲೆ ಬಿತ್ತು.

ಟವೆಲು ಅಲುಗಿದಾಗ ಅವನು ತೆವಳಿದ. ಅಂಗಿಯ ತೋಳು ಎದ್ದ ಕೂಡಲೇ ಹಲಗೆಗೆ ಅಂಟಿಕೊಂಡ. ಗಾಳಿ ಬಂತು, ಗೋಪುರವೇ ಕಿರುಗುಟ್ಟಿತು, ಹೋಯಿತು. ಅವನು ಮತ್ತೆ ತೆವಳಿದ. ಹದಿನೆಂಟು ವರ್ಷ ಕಂಬ ಹತ್ತದೆ ಕಲಿತ ವಿದ್ಯೆ ಅವನನ್ನು ಆಚೆ ದಡ ಮುಟ್ಟಿಸಿತು. ಇದನ್ನು ನೋಡಿದ ನಂತರ ಸರ್ಕಾರದ ಉಪಕರಣಗಳ ಮೇಲೆ ನನಗಿದ್ದ ಅಲ್ಪಸ್ವಲ್ಪ ಗೌರವವೂ ಹೋಯಿತು.

ಎರಡನೆಯದು ಹಾವಿನ ಪೆಟ್ಟಿಗೆ. ಗಾಜಿನ ಪೆಟ್ಟಿಗೆಯೊಳಗೆ ಮೂರು ನಿಮಿಷ ಮಲಗಬೇಕು, ಮೇಲೆ ನಲವತ್ತು ಹಾವು ಸುರಿಯುತ್ತಾರೆ. ವಿಷವಿಲ್ಲದವು ಎಂದರು. ಆದರೆ ಅದನ್ನು ಹಾವಿನ ಮುಖ ನೋಡಿ ತಿಳಿಯುವುದು ಕಷ್ಟ. ಮೋಟಾರು ಸೈಕಲ್ಲಿನವನು ಹದಿನೆಂಟನೆಯ ಸೆಕೆಂಡಿಗೆ ಮುಚ್ಚಳವನ್ನೇ ಕಿತ್ತುಕೊಂಡು ಎದ್ದ. ತೊಮಿರಿಸ್ ಹಲ್ಲು ಕಚ್ಚಿ, ಅಳುತ್ತ, ಮೂರು ನಿಮಿಷ ಮುಗಿಸಿದಳು. ಎಸೆನ್‌ಗೆಲ್ದಿ ಮಾತ್ರ ನಿದ್ದೆಹೋದವನ ಹಾಗೆ ಮಲಗಿದ್ದ. ರೆಪ್ಪೆ ಅಲುಗಲಿಲ್ಲ. ಒಂದು ಹಾವು ಅವನ ಕಿವಿಯ ಹಿಂದೆ ತಲೆಯಿಟ್ಟು ತಾನೂ ಮಲಗಿತು. ಗಡುವು ಮುಗಿದ ಮೇಲೂ ಅವನು ಏಳಲಿಲ್ಲ, ಮುಖಕ್ಕೆ ನೀರು ಹಾಕಬೇಕಾಯಿತು. ಉಕ್ಕಿನ ನರಗಳ ಮನುಷ್ಯ ಎಂದು ನಿರೂಪಕ ಕಿರುಚಿದ. ಜನರೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿದರು, ಎಲ್ಲರಿಗಿಂತ ಮೊದಲು ನಾನು. ಮೌಲೆನ್ ಅತಾ ಮಾತ್ರ ಕೂತೇ ಇದ್ದರು, ಕೈಯನ್ನು ತೊಡೆಯಿಂದ ಎತ್ತಲಿಲ್ಲ. ಈ ಮುದುಕನಿಗೆ ಇನ್ನೇನು ಬೇಕು ಎಂದು ನನಗೆ ರೇಗಿಹೋಯಿತು.

ಉಳಿದವರು ಇಬ್ಬರೇ. ಗೆದ್ದವರಿಗೆ ಬಿಳಿಯ ಹೊಸ ಕಾರು ಪಕ್ಕದಲ್ಲೇ ನಿಂತಿತ್ತು. ಕೊನೆಯ ಪಂದ್ಯ ಅತಿ ಭಯಂಕರವಾದದ್ದು, ಹೃದಯ ದುರ್ಬಲವಿರುವವರು ನೋಡಬೇಡಿ ಎಂದು ನಿರೂಪಕ ಎಚ್ಚರಿಸಿದ. ಡೋಲು ಬಡಿಯಿತು, ಹೊಗೆ ಬಂತು, ಬೆಳ್ಳಿಯ ಮುಚ್ಚಳವಿದ್ದ ಎರಡು ತಟ್ಟೆ ಬಂದವು. ಪ್ರೇಕ್ಷಕರ ಮುಂದೆ ಒಬ್ಬಳು ‘ಕಿರುಚಿ’ ಎಂಬ ಫಲಕವನ್ನು ಎತ್ತಿಹಿಡಿದಳು. ಮುಚ್ಚಳ ತೆಗೆದರು.

ತಟ್ಟೆಯಲ್ಲಿದ್ದದ್ದು ಬೇಯಿಸಿದ ಕುರಿಯ ತಲೆ.

ಆಮೇಲೆ ಗೊತ್ತಾಯಿತು, ಈ ಕಾರ್ಯಕ್ರಮದ ಪಂದ್ಯಗಳ ಪಟ್ಟಿ ಯಾವುದೋ ದೂರದೇಶದಿಂದ ಬಂದದ್ದಂತೆ. ಅಲ್ಲಿಯ ಜನ ಕುರಿಯ ಕಣ್ಣು ಕಂಡರೆ ಮೂರ್ಛೆ ಹೋಗುತ್ತಾರಂತೆ, ಪಾಪ. ಇಲ್ಲಿ ಯಾರೂ ಕಿರುಚಲಿಲ್ಲ. ಹಿಂದಿನ ಸಾಲಿನ ಅಜ್ಜಿಯೊಬ್ಬಳು ಬಿಸ್ಮಿಲ್ಲಾ ಎಂದು ಸರಿಯಾಗಿ ಕೂತಳು. ಇಬ್ಬರು ಅಂಗಿಯ ತೋಳು ಮಡಿಸಿಕೊಂಡರು. ಚೆನ್ನಾಗಿ ಬೆಂದಿದೆ, ಆದರೆ ಕೂದಲು ಸರಿಯಾಗಿ ಸುಟ್ಟಿಲ್ಲ ಎಂದು ಯಾರೋ ಗೊಣಗಿದರು. ಫಲಕದವಳು ಫಲಕವನ್ನು ತಿರುಗಿಸಿ ತಾನೇ ಒಮ್ಮೆ ಓದಿಕೊಂಡಳು.

ಒಂದು ನಿಮಿಷದೊಳಗೆ ಒಂದು ಕಣ್ಣು ತಿನ್ನಬೇಕು, ಅಷ್ಟೇ. ಕಾರು ನಮ್ಮದಾಯಿತೆಂದು ನಾನು ಎದ್ದುನಿಂತೆ. ಅದನ್ನು ನಮ್ಮ ಬೀದಿಯಲ್ಲಿ ಎಲ್ಲಿ ನಿಲ್ಲಿಸಬೇಕೆಂಬುದನ್ನೂ ತೀರ್ಮಾನಿಸಿಬಿಟ್ಟಿದ್ದೆ. ತೊಮಿರಿಸ್ ನಗರದ ಹುಡುಗಿ, ಮೂಗು ಹಿಡಿದು ಫೋರ್ಕು ಕೈಗೆತ್ತಿಕೊಂಡಳು.

ಎಸೆನ್‌ಗೆಲ್ದಿ ತಲೆಯನ್ನು ನೋಡಿದ, ಕಾರನ್ನು ನೋಡಿದ, ಮೊದಲ ಸಾಲಿನ ನಾಲ್ಕನೆಯ ಕುರ್ಚಿಯನ್ನು ನೋಡಿದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಇಪ್ಪತ್ತು ಸೆಕೆಂಡು ಹೋಯಿತು.

“ಕೊನೆಗೂ ಹೆದರಿದ್ರು ನೋಡಿ ನಮ್ಮ ಉಕ್ಕಿನ ಮನುಷ್ಯ. ಯಾಕೆ, ಕೈ ನಡುಗ್ತಿದೆಯಾ?” ಎಂದ ನಿರೂಪಕ.

“ಬೆಳಿಗ್ಗೆಯಿಂದ ನಡುಗ್ತಾನೇ ಇದೆ ತಮ್ಮಾ” ಎಂದ ಎಸೆನ್‌ಗೆಲ್ದಿ. “ಅದಕ್ಕಲ್ಲ. ನಮ್ಮ ತಂದೆ ಬದುಕಿದಾರೆ. ಅಲ್ಲಿ ಕೂತಿದಾರೆ. ಅವರೆದುರಿಗೆ ನಾನು ತಲೆಗೆ ಹ್ಯಾಗೆ ಕೈಹಾಕ್ಲಿ?”

ತಟ್ಟೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡ. ಕ್ಯಾಮೆರಾದ ತಂತಿಗಳನ್ನು ದಾಟಿ ಬಂದು, ಕುರಿಯ ಮೂತಿ ತಂದೆಯ ಕಡೆಗಿರುವಂತೆ ತಿರುಗಿಸಿ ಮುಂದಿಟ್ಟ. ಹಿಂದೆ ಗಡುವಿನ ಗಂಟೆ ಬಾರಿಸಿತು. ತೊಮಿರಿಸ್ ಕಣ್ಣು ನುಂಗಿ ಗೆದ್ದಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತು ಇಷ್ಟು ಅಕ್ಷರಶಃ ನಡೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಆ ಗಂಟೆಯ ಸದ್ದು ಯಾರಿಗೂ ಬೇಕಿರಲಿಲ್ಲ. ಇಡೀ ಪ್ರೇಕ್ಷಕ ಸಾಲು ಎದ್ದುನಿಂತಿತ್ತು. ಯಾವ ಫಲಕವನ್ನೂ ಯಾರೂ ಎತ್ತಿರಲಿಲ್ಲ.

ಮೌಲೆನ್ ಅತಾ ಸೊಂಟದಿಂದ ಚಾಕು ತೆಗೆದರು. ಅವಸರವಿಲ್ಲದೆ ಕಿವಿ ಕೊಯ್ದು ಫಲಕದ ಹುಡುಗಿಗೆ ಕೊಟ್ಟರು. ಕೆನ್ನೆಯ ಮಾಂಸವನ್ನು ನನಗೂ ನಿರೂಪಕನಿಗೂ ಕೊಟ್ಟರು. ಅವನು ಮೈಕನ್ನು ಕಂಕುಳಲ್ಲಿ ಇಟ್ಟುಕೊಂಡು ಎರಡು ಕೈಚಾಚಿ ತೆಗೆದುಕೊಂಡ. ಒಂದು ಕಣ್ಣನ್ನು ತಾವು ತಿಂದರು. ಇನ್ನೊಂದನ್ನು ಚಾಕುವಿನ ತುದಿಯಲ್ಲಿ ಎತ್ತಿ, ಸ್ವಲ್ಪ ಹೊತ್ತು ಹಿಡಿದಿದ್ದು, ಮಗನ ಅಂಗೈಗೆ ಹಾಕಿದರು. ನನಗೆ ಅಳು ಬಂತು. ಕ್ಯಾಮೆರಾ ಆಗ ನನ್ನ ಮೇಲೇ ಇತ್ತಂತೆ, ಇರಲಿ.

ವಾಪಸು ಬರುವ ದಾರಿಯಲ್ಲಿ ಎಸೆನ್‌ಗೆಲ್ದಿ ಎಲ್ಲವನ್ನೂ ಹೇಳಿದ. ಕುರ್ಚಿಗಾಗಿ ಬರೆದದ್ದು, ಶಾಲು ಹೋದದ್ದು, ಎಲ್ಲ. ಅತಾ ಕಿಟಕಿಯಾಚೆ ನೋಡುತ್ತಿದ್ದರು.

“ಹಾವಿನ ಪೆಟ್ಟಿಗೇಲಿ ಎಚ್ಚರ ತಪ್ಪಿತ್ತು, ಅಲ್ವಾ?” ಎಂದರು.

“ಹೌದಪ್ಪ. ಮೊದಲನೇ ಹಾವಿಗೇ.”

“ನಂಗೂ ಮೊದಲನೇ ಕೊಕ್ಪಾರ್‌ನಲ್ಲಿ ಹಾಗೇ ಆಗಿತ್ತು. ಕುದುರೆ ಒಳ್ಳೇದು, ತಾನೇ ಹೋಗಿ ಗೆದ್ದುಬಂತು” ಎಂದರು ಅತಾ. “ಸಪಾರ್, ನೀನು ರಸ್ತೆ ನೋಡಿ ಓಡಿಸು.”

ನಾನು ರಸ್ತೆ ನೋಡಿದೆ. ಈ ವಿಷಯವನ್ನು ಊರಿನಲ್ಲಿ ಒಬ್ಬರಿಗೂ ಹೇಳಿಲ್ಲ, ನನ್ನ ಹೆಂಡತಿಗೆ ಮಾತ್ರ ಹೇಳಿದೆ. ಅದು ಊರಿಗೆ ಹೇಗೆ ಗೊತ್ತಾಯಿತೋ ತಿಳಿಯದು.

ಎರಡು ವಾರದ ನಂತರದ ಶನಿವಾರ ಅದು ಪ್ರಸಾರವಾಯಿತು. ಅರ್ಧ ಊರಲ್ಲ, ಇಡೀ ಊರು ಬಂದಿತ್ತು. ಅಕಿಮ್ ಸಾಹೇಬರು ಮೊಹರಿನ ಜೊತೆಗೇ ಬಂದಿದ್ದರು. ಹಲಗೆಯನ್ನು ತಬ್ಬಿದಾಗ ಎಲ್ಲರೂ ನಕ್ಕರು, ಹಾವಿಗೆ ಹೋ ಎಂದರು. ರಬೀಗಾ ಬಗ್ಗಿಸುತ್ತಿದ್ದ ಚಹಾ ಜಮಖಾನೆಗೆ ಹರಿಯಿತು. ಅವನು ತಟ್ಟೆ ಎತ್ತಿಕೊಂಡು ನಡೆದು ಬಂದಾಗ ದಿಂಬಿಗೊರಗಿದ್ದವರೆಲ್ಲ ನೆಟ್ಟಗೆ ಕೂತರು. ಪರದೆಯ ಕೆಳಗೆ ಎಸೆನ್‌ಗೆಲ್ದಿ, ಸೋತರು ಎಂದು ಬರೆದುಬಂತು. ಅದು ಮಾಯವಾಗುವ ಮೊದಲೇ ಪಟ್ಟನೆ ಏಟು ಬಿತ್ತು. ಆದರೆ ಅತಾರ ತೊಡೆಯ ಮೇಲಲ್ಲ, ಪಕ್ಕದಲ್ಲಿ ಬಟ್ಟಲು ಹಿಡಿದು ಕೂತಿದ್ದ ಮಗನ ತೊಡೆಯ ಮೇಲೆ.

“ಎದೆ ಇದೆ.”

ಅಂದಿನಿಂದ ನಮ್ಮೂರಿನಲ್ಲಿ ಸೋಲನ್ನು ಇಷ್ಟು ಜಂಬದಿಂದ ಹೇಳಿಕೊಳ್ಳುವವರು ಬೇರಿಲ್ಲ. ಪಕ್ಕದೂರಿನವರಿಗೆ ಕಾರು ಗೆದ್ದವರ ಹೆಸರೇ ಗೊತ್ತಿಲ್ಲ, ಕಾರು ಬಿಟ್ಟವನ ಹೆಸರು ಗೊತ್ತು.

ಮೊನ್ನೆ ಬೇಲಿಯ ಈಚೆ ನಾನು ವ್ಯಾನು ತೊಳೆಯುತ್ತಿದ್ದಾಗ ಶಾರ್ಬಾನು ಸೈಕಲ್ಲಿನಲ್ಲಿ ಆಚೆ ಅಂಗಳದಲ್ಲಿದ್ದ ಎಸೆನ್‌ಗೆಲ್ದಿಯ ಬಳಿ ಬಂದಳು. ಅದೇ ಲಾಂಛನದ ಲಕೋಟೆ. ಈ ಸಲ ಪೂರ್ತಿ ಓದಿದ್ದಳು. ವಿಶೇಷ ಸಂಚಿಕೆಗೆ ಕರೆದಿದ್ದಾರೆ, ಹೆಲಿಕಾಪ್ಟರು ಇದೆ ಎಂದು ಪಿಸುಗುಟ್ಟಿದಳು. ಎಸೆನ್‌ಗೆಲ್ದಿ ಸುತ್ತ ನೋಡಿ, ಒಳಗೆ ಹೋಗಿ, ರಬೀಗಾಳ ಹೊಸ ಶಾಲನ್ನು ತಂದು ಅವಳ ಕೈಗಿಟ್ಟ. ಸುದ್ದಿ ಹೇಳಿದ್ದಕ್ಕಲ್ಲ, ಬೇರೆ ಯಾರಿಗೂ ಹೇಳದಿರುವುದಕ್ಕೆ.

“ಯಾರ ಕಾಗದ?” ಎಂದು ಒಳಗಿನಿಂದ ಅತಾ ಕೇಳಿದರು.

“ಏನಿಲ್ಲಪ್ಪ. ಕುರಿಗಳಿಗೆ ಚುಚ್ಚುಮದ್ದು ಹಾಕಿಸೋ ನೋಟೀಸು.”

ಒಳಗಿನ ಕಿಟಕಿಯ ಪರದೆ ಸರಿಯಿತು.

“ಚುಚ್ಚುಮದ್ದಿನ ನೋಟೀಸು ತಂದವಳಿಗೆ ಹೆಂಡ್ತಿ ಶಾಲು ಕೊಡ್ತೀಯಲ್ಲೋ. ನಿಂಗೆ ನಿಜವಾಗ್ಲೂ ಎದೆ ಇದೆ” ಎಂದರು ಅತಾ. “ರಬೀಗಾ ಬರೋ ಮೊದ್ಲು ನನ್ನ ಬೂಟು ಒರೆಸಿಡು. ಯಾವತ್ತು ಹೊರಡ್ಬೇಕು?”